ಲಂಡನ್ನಿನಲ್ಲಿ ಎಂಟು ದಿನ, ದಿನಕ್ಕೊಂದು ಬಸ್ ನಂಬರ್: ನನ್ನ ಅನುಭವ

"ಭಾವ, ಇಲ್ಲಿ ಬಸ್ಸನ್ನು ನಂಬಿ ಹೊರಟರೆ ಅರ್ಧ ದಿನ ಸಿಗ್ನಲ್ಲಿನಲ್ಲೇ ಕಳೆದುಹೋಗುತ್ತದೆ" ಎಂದು ನನ್ನ ಹೆಂಡತಿಯ ತಮ್ಮ ಮೊದಲ ದಿನವೇ ಎಚ್ಚರಿಸಿದ. ಒಂಬತ್ತು ವರ್ಷದಿಂದ ಲಂಡನ್ನಿನಲ್ಲಿರುವವನು, ಅವನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಆದರೆ ನಮ್ಮ ಜೊತೆಗಿದ್ದವರು ಅತ್ತೆ. ವಯಸ್ಸು ಅರವತ್ತೆಂಟು, ಎಡಮಂಡಿ ಸವೆದಿದೆ. ಮೆಟ್ರೋ ನಿಲ್ದಾಣಗಳ ಮೆಟ್ಟಿಲು, ಗಾಳಿ ಬೀಸುವ ಸುರಂಗದ ನಡಿಗೆ ಅವರಿಂದಾಗದು. ಹಾಗಾಗಿ ಬಸ್ಸೇ ಗತಿ ಎಂದು ಹಟಕ್ಕೆ ಬಿದ್ದೆ. ಎಂಟು ದಿನವೂ ಅದೇ ನಡೆಯಿತು, ಚೆನ್ನಾಗಿಯೇ ನಡೆಯಿತು. ವೀಸಾ, ವಿಮಾನ, ಚಳಿಯ ಬಟ್ಟೆ ಇವೆಲ್ಲ ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ಅದರ ತಂಟೆಗೆ ಹೋಗುವುದಿಲ್ಲ.

ನನ್ನ ಹಟಕ್ಕೆ ಕಾರಣ 2018ರ ಪ್ರವಾಸ. ಆಗ ನಾವಿಬ್ಬರೇ ಹೋಗಿದ್ದೆವು, ನಾಲ್ಕು ದಿನಕ್ಕೆ. ಹತ್ತಾರು ತಾಣಗಳಿಗೆ ಒಂದೇ ಪಾಸ್ ಎಂಬ ಜಾಹೀರಾತಿಗೆ ಮರುಳಾಗಿ ತಲೆಗೆ ಸುಮಾರು 130 ಪೌಂಡ್ ತೆತ್ತೆ. ಆಗ ಪೌಂಡಿಗೆ ತೊಂಬತ್ತು ರೂಪಾಯಿಯ ಆಸುಪಾಸು. ಪಾಸ್ ಕೈಗೆ ಬಂದದ್ದೇ ತಡ, ನಾನು ಪ್ರವಾಸಿಯಾಗಿ ಉಳಿಯಲಿಲ್ಲ, ಸಾಲ ವಸೂಲಿಗೆ ಹೊರಟವನಾದೆ. ದಿನಕ್ಕೆ ನಾಲ್ಕು ತಾಣ ನೋಡಿದರೆ ಮಾತ್ರ ದುಡ್ಡು ಹುಟ್ಟುತ್ತದೆ ಎಂಬ ಲೆಕ್ಕ. ಹಳೆಯ ಕೋಟೆಯಾದ ಲಂಡನ್ ಟವರಿಗೆ ಮಧ್ಯಾಹ್ನ ಹನ್ನೆರಡಕ್ಕೆ ತಲುಪಿ, ರಾಜಮನೆತನದ ಕಿರೀಟಗಳನ್ನು ನೋಡುವ ಸಾಲಿನಲ್ಲಿ ಒಂದು ಗಂಟೆಗೂ ಮೀರಿ ನಿಂತು, ಚಲಿಸುವ ಪಟ್ಟಿಯ ಮೇಲೆ ನಿಂತು ಕೊಹಿನೂರನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿ, ಮುಂದಿನ ತಾಣಕ್ಕೆ ಓಡಿದೆವು. ಮೂರನೆಯ ದಿನ ಹೆಂಡತಿ ಒಂದು ಬೆಂಚಿನ ಮೇಲೆ ಕುಳಿತು "ನೀವು ಹೋಗಿ ಬನ್ನಿ, ನನಗೆ ಸಾಕು" ಎಂದಳು. ಪಾಸಿನಲ್ಲಿ ಇನ್ನೂ ಐದು ತಾಣ ಬಾಕಿ ಇದ್ದವು.

ಈ ಸಲದ ಏರ್ಪಾಟು ಇಷ್ಟೇ. ಒಂದು ದಿನಕ್ಕೆ ಒಂದು ಮುಖ್ಯ ಬಸ್ ನಂಬರ್, ಅದು ಹೋಗುವ ದಾರಿಯಲ್ಲಿ ಏನಿದೆಯೋ ಅದು ಮಾತ್ರ. ಒಂದು ಮ್ಯೂಸಿಯಂ, ಅದೂ ಒಂದೂವರೆ ಗಂಟೆ. ಊಟ ಮಧ್ಯಾಹ್ನವೇ, ಕೂತು, ಗಟ್ಟಿಯಾಗಿ. ದುಡ್ಡು ಕೊಟ್ಟು ನೋಡುವ ತಾಣ ಇಡೀ ಪ್ರವಾಸಕ್ಕೆ ಒಂದೇ ಒಂದು.

ಲಂಡನ್ನಿನ ರಾಷ್ಟ್ರೀಯ ಮ್ಯೂಸಿಯಂಗಳ ಕಾಯಂ ಸಂಗ್ರಹಕ್ಕೆ 2001ರ ಕೊನೆಯಿಂದ ಪ್ರವೇಶ ಶುಲ್ಕವಿಲ್ಲ. ದುಡ್ಡು ಉಳಿಯುತ್ತದೆಂದು ಎಲ್ಲರೂ ಹೇಳುತ್ತಾರೆ, ನಿಜ. ಆದರೆ ನನಗೆ ಅದರಿಂದ ಆದ ದೊಡ್ಡ ಉಪಕಾರ ಬೇರೆ: ಅರ್ಧಕ್ಕೇ ಎದ್ದು ಬರಬಹುದು. ಕೊಟ್ಟ ದುಡ್ಡು ಮುಗಿಸು ಮುಗಿಸು ಎಂದು ಹಿಂದಿನಿಂದ ತಿವಿಯುವುದಿಲ್ಲ. ಮಂಡಿ ನೋಯಿತೇ, ಹೊರಡು. ನಾಳಿದ್ದು ಮತ್ತೆ ಬಾ.

ಮೊದಲ ದಿನ 14ನೇ ನಂಬರ್. ರಸೆಲ್ ಸ್ಕ್ವೇರಿನಿಂದ ಹೊರಟು ಪಿಕಡಿಲಿ, ನೈಟ್ಸ್‌ಬ್ರಿಜ್ ದಾಟಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಹತ್ತಿರವೇ ಇಳಿಸುತ್ತದೆ. ನಾವು ಉಳಿದುಕೊಂಡದ್ದು ಯೂಸ್ಟನ್ ಬಳಿಯ ಸಣ್ಣ ಹೋಟೆಲಿನಲ್ಲಿ, ರಸೆಲ್ ಸ್ಕ್ವೇರಿಗೆ ಕಾಲುನಡಿಗೆಯ ದೂರ. ಮೇಲಂತಸ್ತಿನ ಮುಂದಿನ ಸೀಟು ಸಿಕ್ಕರೆ ಊರು ನೋಡುವ ಪ್ರವಾಸಿ ಬಸ್ಸಿಗೆ ಮೂವತ್ತು ಪೌಂಡ್ ಕೊಡುವವರನ್ನು ಕಂಡು ನಗು ಬರುತ್ತದೆ. ಆ ಸೀಟು ಎಂಟು ದಿನದಲ್ಲಿ ಆರು ದಿನ ನಮಗೆ ಸಿಕ್ಕಿತು. ಹೇಗೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಎಲ್ಲರೂ ಹಾಗೆಯೇ ಮಾಡಿದರೆ ಮುಂದಿನ ಸಲ ನಾನೆಲ್ಲಿ ಕೂರಲಿ? ಅತ್ತೆ ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು, ಸೀಟಿನ ಆಸೆಗೆ ಒಮ್ಮೆಯೂ ಬೇಡವೆನ್ನಲಿಲ್ಲ.

ಆ ಮ್ಯೂಸಿಯಮ್ಮಿನಲ್ಲಿ ಕೇಳಿದರೆ ಮಡಚುವ ಹಗುರ ಸ್ಟೂಲ್ ಕೊಡುತ್ತಾರೆ. ಅದನ್ನು ಹಿಡಿದು ನೇರ 41ನೇ ಕೋಣೆಗೆ ಹೋದೆವು. ಟಿಪ್ಪುವಿನ ಹುಲಿ ಆಗ ಅಲ್ಲಿತ್ತು. ಬಿದ್ದ ಯುರೋಪಿಯನ್ ಸಿಪಾಯಿಯ ಮೇಲೆ ಎರಗಿದ ಮರದ ಹುಲಿ, ಹೆಚ್ಚುಕಡಿಮೆ ಆಳುದ್ದ. ಒಳಗೆ ತಿದಿಗಳು, ಹೊಟ್ಟೆಯ ಪಕ್ಕದಲ್ಲಿ ಪುಟ್ಟ ಆರ್ಗನ್ನಿನ ಕೀಲಿಮಣೆ. ಕೈಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟಿ ಸಿಪಾಯಿ ನರಳುವಂತೆ ಮಾಡಿದ್ದಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತೊಯ್ದದ್ದು. ಮೊದಲು ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಇಟ್ಟಿದ್ದಾಗ ಬಂದ ಬಂದವರೆಲ್ಲ ಕೈಹಿಡಿ ತಿರುಗಿಸಿ, ಅಲ್ಲಿಯ ಗ್ರಂಥಾಲಯದಲ್ಲಿ ಓದುತ್ತಿದ್ದವರು ಗೋಳಾಡುತ್ತಿದ್ದರಂತೆ. ನಾವು ಹೋದಾಗ ಗಾಜಿನ ಪೆಟ್ಟಿಗೆಯೊಳಗೆ ಸುಮ್ಮನಿತ್ತು. ಅತ್ತೆ ಪಾಂಡವಪುರದ ಕಡೆಯವರು. ಸ್ಟೂಲಿನ ಮೇಲೆ ಕುಳಿತು ಬಹಳ ಹೊತ್ತು ನೋಡಿದರು. ಆಮೇಲೆ "ಬಣ್ಣ ನಮ್ಮ ಚನ್ನಪಟ್ಟಣದ ಗೊಂಬೆಯ ಹಾಗೇ ಇದೆ" ಎಂದರು. ಬೇರೇನೂ ನೋಡದೆ ಹೊರಬಂದೆವು. 2018ರಲ್ಲಿ ಪಾಸಿನ ತಾಣಗಳ ಹಿಂದೆ ಓಡುತ್ತಾ ಈ ಮ್ಯೂಸಿಯಮ್ಮಿನ ಬಾಗಿಲನ್ನೇ ತುಳಿದಿರಲಿಲ್ಲ.

ಬ್ರಿಟಿಷ್ ಮ್ಯೂಸಿಯಮ್ಮಿಗೆ ಶುಕ್ರವಾರ ಸಂಜೆ ಹೋಗಿ. ಅಂದು ಮಾತ್ರ ರಾತ್ರಿ 8.30ರವರೆಗೆ ತೆರೆದಿರುತ್ತದೆ. ಐದೂವರೆಗೆ ಹೋದರೆ ಶಾಲಾ ಮಕ್ಕಳ ದಂಡು, ಬಾವುಟ ಹಿಡಿದ ಗೈಡುಗಳು ಯಾರೂ ಇರುವುದಿಲ್ಲ. ನಾವು ಆಂಧ್ರದ ಅಮರಾವತಿಯ ಶಿಲ್ಪಗಳಿರುವ 33ಎ ಕೋಣೆಯನ್ನು ಮಾತ್ರ ಇಟ್ಟುಕೊಂಡಿದ್ದೆವು. ಸ್ತೂಪಕ್ಕೆ ಹೊದಿಸಿದ್ದ ಬಿಳಿ ಸುಣ್ಣಕಲ್ಲಿನ ಫಲಕಗಳು ಗೋಡೆಯುದ್ದಕ್ಕೂ ಇವೆ, ಸುತ್ತ ಜನರಿಲ್ಲ. ಅದೇ ಹೊತ್ತಿಗೆ ಈಜಿಪ್ಟಿನ ಶಾಸನವಾದ ರೊಸೆಟ್ಟಾ ಕಲ್ಲಿನ ಮುಂದೆ ಆಗಲೂ ಜನ ಎರಡು ಸಾಲಾಗಿ ಮೊಬೈಲು ಎತ್ತಿ ಹಿಡಿದಿದ್ದರು.

ಇನ್ನು ಊಟ. ಇಲ್ಲಿಯೇ ನಾನು ಹೆಚ್ಚು ದುಡ್ಡು ಕಳೆದುಕೊಂಡದ್ದು, ಹೆಚ್ಚು ಕಲಿತದ್ದು. ಎರಡನೆಯ ದಿನ ರಾತ್ರಿ ಚಿತ್ರಮಂದಿರಗಳ ಕಡೆಯ ಒಂದು ರೆಸ್ಟೋರೆಂಟಿಗೆ ಹೋದೆವು. ನೀರು ಕೇಳಿದೆ, ಗಾಜಿನ ಬಾಟಲಿ ಬಂತು, ಎರಡು ಬಾಟಲಿಗೆ ಹತ್ತು ಪೌಂಡಿನ ಹತ್ತಿರ. ಬಿಲ್ಲಿನ ಕೆಳಗೆ ಶೇಕಡಾ 12.5ರ ಸೇವಾ ಶುಲ್ಕ ಸೇರಿತ್ತು, ನಾನು ಕಾಣಲಿಲ್ಲ. ಮೇಲೆ ಐದು ಪೌಂಡ್ ಟಿಪ್ಸ್ ಬೇರೆ ಇಟ್ಟು ಬಂದೆ. ಮೂವರ ಸಸ್ಯಾಹಾರಕ್ಕೆ ಎಂಬತ್ತೈದು ಪೌಂಡ್! ಮರುದಿನ ಭಾವಮೈದ ಬಿಲ್ಲು ನೋಡಿ ನಕ್ಕ ನಗೆ ಈಗಲೂ ಕಿವಿಯಲ್ಲಿದೆ. ಮದ್ಯ ಮಾರುವ ಪರವಾನಗಿ ಇರುವ ಯಾವ ಹೋಟೆಲೇ ಆಗಲಿ, ಕೇಳಿದರೆ ನಲ್ಲಿ ನೀರನ್ನು ಪುಕ್ಕಟೆ ಕೊಡಲೇಬೇಕೆಂಬುದು ಅಲ್ಲಿಯ ನಿಯಮ. ಕೇಳುವಾಗ "ಟ್ಯಾಪ್ ವಾಟರ್" ಎಂದೇ ಹೇಳಬೇಕು. ಸೇವಾ ಶುಲ್ಕದ ಪಕ್ಕದಲ್ಲಿ ಐಚ್ಛಿಕ ಎಂದು ಬರೆದಿದ್ದರೆ ತೆಗೆಯಿರಿ ಎಂದು ಕೇಳಬಹುದು. ನಾನು ಒಮ್ಮೆಯೂ ತೆಗೆಸಲಿಲ್ಲ, ಅಷ್ಟು ಧೈರ್ಯ ಬರಲಿಲ್ಲ.

ಅಂದಿನಿಂದ ರಾತ್ರಿಯ ಹೋಟೆಲ್ ಊಟ ಬಂದ್. ಅದೇ ಅಡುಗೆಮನೆ, ಅದೇ ಬಾಣಸಿಗ, ಮಧ್ಯಾಹ್ನದ ನಿಗದಿತ ಊಟವಾದರೆ ರಾತ್ರಿಯ ಅರ್ಧದಷ್ಟು ಬೆಲೆ. ಮೂವರಿಗೆ ಸೇರಿ ನಲವತ್ತೈದು ಪೌಂಡ್ ಮೀರಲಿಲ್ಲ. ಯೂಸ್ಟನ್ ಹಿಂದಿನ ಡ್ರಮಂಡ್ ಸ್ಟ್ರೀಟಿನಲ್ಲಿ ಭೇಲ್‌ಪುರಿ, ದೋಸೆಯ ಸಸ್ಯಾಹಾರಿ ಹೋಟೆಲುಗಳಿವೆ, ಅಲ್ಲಿ ಇನ್ನೂ ಅಗ್ಗ. ದೋಸೆಯ ವಿಷಯದಲ್ಲಿ ಆಸೆ ದೊಡ್ಡದಿರಬಾರದು, ಅಷ್ಟೇ. ಇವುಗಳಿಗಿಂತ ಚೆನ್ನಾದ ಇನ್ನೊಂದು ಜಾಗವಿದೆ, ಆರೇ ಮೇಜು, ಹೆಸರು ಹೇಳುವುದಿಲ್ಲ.

ರಾತ್ರಿಗೆ ಸೂಪರ್ ಮಾರ್ಕೆಟ್ಟಿನ ಬ್ರೆಡ್ಡು, ಮೊಸರು, ಹಣ್ಣು. ಒಂದು ಪ್ರಯೋಗವನ್ನೂ ಮಾಡಿದೆವು. ಗೊಜ್ಜವಲಕ್ಕಿಗೆ ಅವಲಕ್ಕಿಯನ್ನು ಊರಿನಲ್ಲೇ ತರಿತರಿಯಾಗಿ ಪುಡಿ ಮಾಡಿ, ಹುಣಸೆಗೊಜ್ಜನ್ನು ಎಣ್ಣೆ ಬಿಡುವವರೆಗೆ ಕುದಿಸಿ ಡಬ್ಬಿಗೆ ತುಂಬಿಕೊಂಡು ಹೋಗಿದ್ದೆವು. ಹೋಟೆಲಿನ ಕೆಟಲಿನ ಬಿಸಿನೀರು ಚಿಮುಕಿಸಿದಾಗ ಮೊದಲ ರಾತ್ರಿ ಅಂಟಂಟಾಗಿ ಮುದ್ದೆಯಾಯಿತು. ನೀರನ್ನು ಹತ್ತು ನಿಮಿಷ ಆರಲು ಬಿಟ್ಟು, ಒಂದು ಲೋಟಕ್ಕೆ ಮುಕ್ಕಾಲು ಲೋಟ ಲೆಕ್ಕದಲ್ಲಿ ಹಾಕಿದಾಗ ಉದುರುದುರಾಗಿ ಬಂತು.

ದುಡ್ಡು ಕೊಟ್ಟ ಒಂದೇ ತಾಣ ಮತ್ತೆ ಟವರ್, ಏಕೆಂದರೆ ಅತ್ತೆಗೆ ಕೊಹಿನೂರ್ ನೋಡಲೇಬೇಕಿತ್ತು. ಯೂಸ್ಟನ್ನಿನಿಂದ 91ರಲ್ಲಿ ಟ್ರಫಾಲ್ಗರ್ ಸ್ಕ್ವೇರ್, ಅಲ್ಲಿಂದ 15. ಬಸ್ಸಿನ ಯಂತ್ರಕ್ಕೆ ಮೊದಲ ಸಲ ಬ್ಯಾಂಕ್ ಕಾರ್ಡ್ ತಾಗಿಸಿದ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಆಗ 1.75 ಪೌಂಡೇ ಇತ್ತು, ಹಾಗಾಗಿ ಎರಡನೆಯ ಬಸ್ ಪುಕ್ಕಟೆ. ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ನೇರ ಕಿರೀಟಗಳ ಕಟ್ಟಡಕ್ಕೆ ನುಗ್ಗಿದೆವು. ಹತ್ತು ನಿಮಿಷದ ಸಾಲು. ಚಲಿಸುವ ಪಟ್ಟಿಯ ಮೇಲೆ ಅತ್ತೆ ಮೂರು ಸಲ ಹೋಗಿ ಬಂದರು, ಯಾರೂ ಬೇಡವೆನ್ನಲಿಲ್ಲ. ಮರಳುವಾಗ ಬಸ್ಸು ನಿಜಕ್ಕೂ ಸಿಕ್ಕಿಹಾಕಿಕೊಂಡಿತು, ಸ್ಟ್ರಾಂಡ್ ದಾಟಲು ನಲವತ್ತು ನಿಮಿಷ. ಭಾವಮೈದ ಹೇಳಿದ್ದು ಸುಳ್ಳಲ್ಲ. ಆದರೆ ಆ ನಲವತ್ತು ನಿಮಿಷವೂ ಅತ್ತೆ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದರು. ಸುರಂಗದ ರೈಲಿನಲ್ಲಾಗಿದ್ದರೆ ನಿಂತಿರುತ್ತಿದ್ದರು.

ಸೋಮವಾರ ಮಾತ್ರ ಪೂರ್ತಿ ಕೆಟ್ಟಿತು. ಬರೋ ಮಾರ್ಕೆಟ್ಟಿಗೆ ಹೋದರೆ ಸೋಮವಾರ ರಜೆ. ಅಲ್ಲಿಂದ ಸರ್ ಜಾನ್ ಸೋನ್ ಮ್ಯೂಸಿಯಮ್ಮಿಗೆ ಹೋದರೆ ಅದಕ್ಕೆ ಸೋಮವಾರ, ಮಂಗಳವಾರ ಎರಡೂ ರಜೆ. ಹೆಂಡತಿ ಏನೂ ಹೇಳಲಿಲ್ಲ, ನೋಡಿದಳು ಅಷ್ಟೇ. ಬುಧವಾರ ಮತ್ತೆ ಹೋದೆವು, ಹೋದದ್ದು ಸಾರ್ಥಕ. ವಾಸ್ತುಶಿಲ್ಪಿಯಾಗಿದ್ದ ಈ ಸೋನ್ ತನ್ನ ಮನೆಯನ್ನು ಇದ್ದ ಹಾಗೆಯೇ ಉಳಿಸಬೇಕೆಂದು 1833ರಲ್ಲಿ ಪಾರ್ಲಿಮೆಂಟಿನಿಂದ ಕಾಯಿದೆಯನ್ನೇ ಮಾಡಿಸಿದ. ಚಿತ್ರಗಳ ಕೋಣೆಯಲ್ಲಿ ಸಿಬ್ಬಂದಿ ಬಂದು ಗೋಡೆಯನ್ನು ಕಪಾಟಿನ ಬಾಗಿಲಿನ ಹಾಗೆ ತೆರೆದರು. ಹಿಂದೆ ಇನ್ನೊಂದು ಗೋಡೆ, ಅಲ್ಲೂ ಚಿತ್ರಗಳು. ಇದಕ್ಕೂ ಶುಲ್ಕವಿಲ್ಲ.

ಬಸವಣ್ಣನವರ ಪ್ರತಿಮೆ ನಮ್ಮ ಯಾವ ನಂಬರಿನ ದಾರಿಯಲ್ಲೂ ಇರಲಿಲ್ಲ, ಆದರೂ ಹೋದೆವು. ಲ್ಯಾಂಬೆತ್ ಸೇತುವೆಯ ಬಳಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, 2015ರ ನವೆಂಬರಿನಲ್ಲಿ ಅನಾವರಣಗೊಂಡ ಎದೆಮಟ್ಟದ ವಿಗ್ರಹ. ತುಂತುರು ಮಳೆ, ಥೇಮ್ಸ್ ಮೇಲಿಂದ ಕೊರೆಯುವ ಗಾಳಿ. ಅತ್ತೆ ಬೇಡವೆಂದರೂ ಕೇಳದೆ ಶೂ ಬಿಚ್ಚಿದರು, ಒದ್ದೆ ಕಲ್ಲಿನ ಮೇಲೆ ಉಣ್ಣೆಯ ಸಾಕ್ಸಿನಲ್ಲಿ ನಿಂತು ಕೈಮುಗಿದರು. ಪಕ್ಕದಲ್ಲಿ ಓಡುತ್ತಿದ್ದವನೊಬ್ಬ ವೇಗ ತಗ್ಗಿಸಿ, ದೂರದಿಂದ ಬಳಸಿಕೊಂಡು ಹೋದ. ಆ ಸಾಕ್ಸ್ ಹೋಟೆಲಿನ ಹೀಟರಿನ ಮೇಲೆ ಎರಡು ದಿನ ಒಣಗಿತು.

ಲೆಕ್ಕ ನೆನಪಿನಿಂದ ಹೇಳುತ್ತೇನೆ. 2018ರಲ್ಲಿ ವಸತಿ ಬಿಟ್ಟು ತಲೆಗೆ ದಿನಕ್ಕೆ ಅರವತ್ತೈದು ಪೌಂಡಿನ ಸುಮಾರು. ಈ ಸಲ ಬಸ್ಸಿಗೆ ಮೂವರಿಗೆ ಎಂಟು ದಿನಕ್ಕೆ ಎಂಬತ್ತರ ಒಳಗೆ, ಟವರಿಗೆ ನೂರರ ಹತ್ತಿರ, ಆ ಎಂಬತ್ತೈದರ ದಂಡವೂ ಸೇರಿ ಊಟಕ್ಕೆ ಐನೂರು. ತಲೆಗೆ ದಿನಕ್ಕೆ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ಬಂತು. ಪೌಂಡ್ ಈ ಸಲ ನೂರೇಳು ರೂಪಾಯಿ ಆಗಿದ್ದರೂ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು.

ಒಂದು ತಕರಾರು ಮಾತ್ರ ಇನ್ನೂ ತೀರಿಲ್ಲ. ಬಸ್ಸಿಗೆ ಆಗ ದಿನಕ್ಕೆ 5.25 ಪೌಂಡಿನ ಮಿತಿ ಇತ್ತು, ಅದಕ್ಕಿಂತ ಹೆಚ್ಚು ಕಡಿತವಾಗುತ್ತಿರಲಿಲ್ಲ. ಊರಿಗೆ ಬಂದ ಮೇಲೆ ಹೆಂಡತಿ ಕಾರ್ಡಿನ ಸ್ಟೇಟ್‌ಮೆಂಟನ್ನು ತನ್ನ ಪುಸ್ತಕದೊಂದಿಗೆ ತಾಳೆ ನೋಡಿದಳು. ಗುರುವಾರ ನನ್ನೊಬ್ಬನ ಹೆಸರಿನಲ್ಲಿ ಏಳು ಪೌಂಡ್ ಹೋಗಿದೆ. ಬೆಳಿಗ್ಗೆ ಎರಡು ಸಲ ಕಾರ್ಡ್, ಮಧ್ಯಾಹ್ನದ ಮೇಲೆ ಎರಡು ಸಲ ಮೊಬೈಲ್ ತಾಗಿಸಿದ್ದೆ. ಬ್ಯಾಂಕ್ ಖಾತೆ ಒಂದೇ ಆದರೂ ಯಂತ್ರದ ಕಣ್ಣಿಗೆ ಅವು ಎರಡು ಬೇರೆ ಜನ. "1.75 ಪೌಂಡ್ ಎಂದರೆ ನೂರಾ ಎಂಬತ್ತೇಳು ರೂಪಾಯಿ ರೀ" ಎಂದು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದಾಳೆ.