ಇಎಸ್‌ಐ ನಿರುದ್ಯೋಗ ಪರಿಹಾರ: ಅರ್ಜಿ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಬಿಡಿಸಿಕೊಳ್ಳುವುದು ಹೇಗೆ

ಗಾರ್ಮೆಂಟ್ಸ್, ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಸಣ್ಣ ಕಾರ್ಖಾನೆ, ಶೋರೂಮು ಇಂಥ ಕಡೆ ಕೆಲಸ ಮಾಡಿ, ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ ಆಗುತ್ತಿದ್ದು ಈಗ ಕೆಲಸ ಹೋಗಿದ್ದರೆ ನೀವು 'ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ'ಯಲ್ಲಿ ಹಣ ಕೇಳಬಹುದು. ಇದು 2018ರ ಜುಲೈ 1ರಂದು ಶುರುವಾಯಿತು. ಮೊದಲು ದಿನದ ಸರಾಸರಿ ದುಡಿಮೆಯ ಶೇ 25ರಷ್ಟು ಕೊಡುತ್ತಿದ್ದರು, ಕೋವಿಡ್ ಬಂದ ಮೇಲೆ ಶೇ 50 ಆಯಿತು. ಹೆಚ್ಚೆಂದರೆ 90 ದಿನಕ್ಕೆ ಸಿಗುತ್ತದೆ, ಅದೂ ಜೀವಮಾನದಲ್ಲಿ ಒಂದೇ ಸಲ. ಯೋಜನೆಯ ಅವಧಿಯನ್ನು ಇಎಸ್‌ಐ ನಿಗಮ ಆಗಾಗ ವಿಸ್ತರಿಸುತ್ತ ಬಂದಿದೆ, ಹಾಗಾಗಿ ಕೆಲಸ ಹೋದ ದಿನಾಂಕ ಆ ಅವಧಿಯೊಳಗೆ ಬರುತ್ತದೆಯೇ ಎಂದು ಅದರ ಬ್ರಾಂಚ್ ಆಫೀಸಿನಲ್ಲಿ ಮೊದಲೇ ಕೇಳಿಕೊಳ್ಳಿ. ರಾಜ್ಯ ಸರ್ಕಾರದ ಯುವನಿಧಿಗೂ ಇದಕ್ಕೂ ಸಂಬಂಧವಿಲ್ಲ. ಅದು ಓದು ಮುಗಿಸಿ ಕೆಲಸ ಸಿಗದವರಿಗೆ, ಇದು ಇದ್ದ ಕೆಲಸ ಕಳೆದುಕೊಂಡವರಿಗೆ.

ಕೆಲಸ ಹೋಗಿ 30 ದಿನ ಆದ ಮೇಲೆ ಅರ್ಜಿ ಹಾಕಬಹುದು. ಹೆಚ್ಚಿನವರು ಆ 30 ದಿನ ಸುಮ್ಮನೆ ಕೂತು, ಅರ್ಜಿ ಹಾಕಿದ ಮೇಲೆ ಅಲೆದಾಟ ಶುರು ಮಾಡುತ್ತಾರೆ. ಆದರೆ ಅರ್ಜಿ ನಿಲ್ಲುವುದಕ್ಕೆ ಕಾರಣವಾಗುವ ತಪ್ಪುಗಳು ಬಹುಪಾಲು ಅದಕ್ಕೂ ಮೊದಲೇ ಕಂಪ್ಯೂಟರಿನಲ್ಲಿ ಕೂತಿರುತ್ತವೆ. ಆ ತಿಂಗಳನ್ನು ಅವನ್ನು ಹುಡುಕಿ ಸರಿಪಡಿಸಲು ಬಳಸಿಕೊಳ್ಳಿ.

ಮೊದಲು ಅರ್ಹತೆಯ ಲೆಕ್ಕ

ಸಂಬಳದಿಂದ ಕಟ್ಟುವ ಹಣಕ್ಕೆ ವಂತಿಕೆ ಎನ್ನುತ್ತಾರೆ. ಇಎಸ್‌ಐ ವರ್ಷವನ್ನು ಎರಡು ವಂತಿಕೆ ಅವಧಿಗಳಾಗಿ ನೋಡುತ್ತದೆ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ನೀವು ಕನಿಷ್ಠ ಎರಡು ವರ್ಷ ವಿಮೆಯ ವ್ಯಾಪ್ತಿಯ ಕೆಲಸದಲ್ಲಿ ಇರಬೇಕು. ಕೆಲಸ ಹೋಗುವ ಮುಂಚಿನ ವಂತಿಕೆ ಅವಧಿಯಲ್ಲಿ 78 ದಿನಕ್ಕೆ ಕಡಿಮೆಯಿಲ್ಲದಂತೆ ವಂತಿಕೆ ಕಟ್ಟಿರಬೇಕು, ಅದರ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ ಮತ್ತೆ 78 ದಿನ ಇರಬೇಕು. ಆಗಸ್ಟಿನಲ್ಲಿ ಕೆಲಸ ಹೋದವರು ನೋಡಬೇಕಾದ್ದು ಹಿಂದಿನ ಅಕ್ಟೋಬರ್–ಮಾರ್ಚ್ ಅವಧಿಯನ್ನು. ಆ ಆರು ತಿಂಗಳಲ್ಲಿ ಕಾಯಿಲೆ, ಊರಿನ ಕೆಲಸ ಎಂದು ಸಂಬಳವಿಲ್ಲದ ರಜೆ ಜಾಸ್ತಿ ಹಾಕಿದ್ದರೆ ಅಲ್ಲೇ ಎಡವುತ್ತೀರಿ.

ತಿಂಗಳ ಸಂಬಳ ಇಎಸ್‌ಐ ಮಿತಿಯಾದ 21,000 ರೂಪಾಯಿ ದಾಟಿದವರ ಪಾಡು ಬೇರೆ. ನಡುವೆ ಸಂಬಳ ಏರಿದರೂ ಆ ವಂತಿಕೆ ಅವಧಿ ಮುಗಿಯುವವರೆಗೆ ಇಎಸ್‌ಐ ಕಟ್ ಆಗುತ್ತದೆ, ಆಮೇಲೆ ನಿಲ್ಲುತ್ತದೆ. ನಿಂತು ವರ್ಷವಾದ ಮೇಲೆ ಕೆಲಸ ಹೋದರೆ ಕಡೆಯ ಅವಧಿಯಲ್ಲಿ ವಂತಿಕೆಯೇ ಇರುವುದಿಲ್ಲ, ಪರಿಹಾರವೂ ಇಲ್ಲ.

ಹಣದ ಲೆಕ್ಕದಲ್ಲೂ ಒಂದು ಮರ್ಮವಿದೆ. ಹಿಂದಿನ ನಾಲ್ಕು ಅವಧಿಗಳ ಒಟ್ಟು ದುಡಿಮೆಯನ್ನು 730ರಿಂದ (ಎರಡು ವರ್ಷದ ದಿನಗಳು) ಭಾಗಿಸುತ್ತಾರೆ, ಬಂದದ್ದರ ಅರ್ಧ ನಿಮ್ಮ ದಿನದ ಪರಿಹಾರ. ತಿಂಗಳಿಗೆ 18,000ದಂತೆ ಎರಡು ವರ್ಷ ತುಂಬ ದುಡಿದಿದ್ದರೆ 4,32,000 ಭಾಗ 730, ಅಂದರೆ ದಿನಕ್ಕೆ ಸುಮಾರು 592. ಅರ್ಧ 296, 90 ದಿನಕ್ಕೆ ಹತ್ತಿರ ಹತ್ತಿರ 26,600 ರೂಪಾಯಿ. ಅದೇ ಸಂಬಳಕ್ಕೆ ಆ ಎರಡು ವರ್ಷದ ಅವಧಿಯಲ್ಲಿ ಒಟ್ಟು 14 ತಿಂಗಳು ಮಾತ್ರ ದುಡಿದವರಿಗೆ ಸುಮಾರು 15,500 ಬರುತ್ತದೆ, ಏಕೆಂದರೆ ದುಡಿದ ದಿನ ಕಡಿಮೆಯಾದರೂ ಭಾಗಿಸುವ ಸಂಖ್ಯೆ 730 ಆಗಿಯೇ ಇರುತ್ತದೆ. 'ಅರ್ಧ ಸಂಬಳ ಅಂದರು, ಕಡಿಮೆ ಹಾಕಿದ್ದಾರೆ' ಎಂಬ ಜಗಳಗಳ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಪೋರ್ಟಲ್‌ನಲ್ಲಿ ನೋಡಬೇಕಾದ್ದು

ಇಎಸ್‌ಐ ಪೋರ್ಟಲ್‌ನ ವಿಮಾದಾರರ ವಿಭಾಗಕ್ಕೆ ನಿಮ್ಮ 10 ಅಂಕಿಯ ಐಪಿ ನಂಬರ್ (ಇಎಸ್‌ಐ ವಿಮಾ ಸಂಖ್ಯೆ) ಬಳಸಿ ಲಾಗಿನ್ ಆಗಿ. ಒಟಿಪಿ ಬರದಿದ್ದರೆ ಮೊದಲು ಗುಮಾನಿ ಪಡಬೇಕಾದ್ದು ಮೊಬೈಲ್ ನಂಬರಿನ ಮೇಲೆ. ಕಂಟ್ರಾಕ್ಟರುಗಳು ನೋಂದಣಿ ಮಾಡುವಾಗ ತಮ್ಮದೋ ಸೂಪರ್‌ವೈಸರದೋ ನಂಬರ್ ಕೊಟ್ಟಿರುವುದು ಸಾಮಾನ್ಯ. ಆಧಾರ್ ಹಿಡಿದು ಬ್ರಾಂಚ್ ಆಫೀಸಿಗೆ ಹೋಗಿ ನಂಬರ್ ಬದಲಿಸಿಕೊಳ್ಳಿ.

ಒಳಗೆ ಹೋದ ಮೇಲೆ ವಂತಿಕೆಯ ಪಟ್ಟಿಯನ್ನು ಸಂಬಳ ಚೀಟಿಗಳ ಪಕ್ಕದಲ್ಲಿಟ್ಟು ತಿಂಗಳು ತಿಂಗಳಾಗಿ ತಾಳೆ ನೋಡಿ. ನಿಮ್ಮಿಂದ ಕಟ್ ಆಗುವುದು ಶೇ 0.75, ಮಾಲೀಕರು ಸೇರಿಸುವುದು ಶೇ 3.25. ತಿಂಗಳ ಹಣ ಮುಂದಿನ ತಿಂಗಳು 15ರೊಳಗೆ ಜಮೆ ಆಗಬೇಕು. ಚೀಟಿಯಲ್ಲಿ ಕಡಿತ ಇದ್ದು ಪಟ್ಟಿಯಲ್ಲಿ ಖಾಲಿ ಇದ್ದರೆ ಮಾಲೀಕರು ಕಟ್ಟಿಲ್ಲ ಎಂದರ್ಥ. ಆ ತಿಂಗಳ ಚೀಟಿ ಮತ್ತು ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿ ಬ್ರಾಂಚ್ ಮ್ಯಾನೇಜರಿಗೆ ಲಿಖಿತ ದೂರು ಕೊಡಿ, ಅದರ ಪ್ರತಿಯನ್ನು ನಿಮ್ಮ ಪ್ರದೇಶದ ಉಪ ಪ್ರಾದೇಶಿಕ ಕಚೇರಿಗೂ ಕಳಿಸಿ. ವಸೂಲಿ ಅವರ ಕೆಲಸ.

ಇದಕ್ಕಿಂತ ಹೆಚ್ಚು ಕಾಡುವುದು ಎರಡು ಐಪಿ ನಂಬರಿನ ಸಮಸ್ಯೆ. ಕಂಪನಿ ಬದಲಿಸಿದಾಗ ಹಳೇ ನಂಬರ್ ಸೇರಿಸುವ ಬದಲು ಹೊಸದನ್ನೇ ಸೃಷ್ಟಿಸಿಬಿಟ್ಟಿರುತ್ತಾರೆ. ಆಗ ನೀವು ನಾಲ್ಕು ವರ್ಷ ದುಡಿದಿದ್ದರೂ ಹೊಸ ನಂಬರಿನಲ್ಲಿ ಒಂದೇ ವರ್ಷ ಕಾಣುತ್ತದೆ, ಅರ್ಜಿ 'ಎರಡು ವರ್ಷವಿಲ್ಲ' ಎಂದು ವಾಪಸು ಬರುತ್ತದೆ. ಎರಡೂ ಇ-ಪೆಹಚಾನ್ ಚೀಟಿ (ಇಎಸ್‌ಐ ಗುರುತಿನ ಚೀಟಿ), ಆಧಾರ್, ಎರಡೂ ಕಂಪನಿಯ ಸಂಬಳ ಚೀಟಿ ಜೊತೆಗಿಟ್ಟು ಎರಡನ್ನೂ ಒಂದುಗೂಡಿಸಲು ಬ್ರಾಂಚ್ ಆಫೀಸಿನಲ್ಲಿ ಅರ್ಜಿ ಕೊಡಿ. ಅದು ಆಗುವವರೆಗೆ ಪರಿಹಾರದ ಅರ್ಜಿ ಹಾಕುವುದು ವ್ಯರ್ಥ.

ಹೆಸರು, ಹುಟ್ಟಿದ ದಿನಾಂಕ ಆಧಾರ್‌ನಲ್ಲಿ ಇದ್ದಂತೆಯೇ ಇರಬೇಕು. ಇನಿಷಿಯಲ್ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ ಇರುವುದು ನಮ್ಮ ಕಡೆಯ ಹಳೇ ರೋಗ.

ಬ್ಯಾಂಕಿನ ವಿಷಯಕ್ಕೆ ಬಂದರೆ ಕರ್ನಾಟಕದವರು ಐಎಫ್‌ಎಸ್‌ಸಿ ಕೋಡನ್ನು ಎರಡು ಸಲ ನೋಡಬೇಕು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಇಎಸ್‌ಐ ದಾಖಲೆಯಲ್ಲಿ ಹಳೇ ಕೋಡ್ ಉಳಿದಿದ್ದರೆ ಅರ್ಜಿ ಮಂಜೂರಾದರೂ ಹಣ ಖಾತೆಗೆ ಬರುವುದಿಲ್ಲ. ಹೊಸ ಪಾಸ್‌ಬುಕ್‌ನ ಮೊದಲ ಪುಟದ ಪ್ರತಿ ಕೊಟ್ಟು ಸರಿಪಡಿಸಿಕೊಳ್ಳಿ. ಖಾತೆ ನಿಮ್ಮ ಹೆಸರಿನಲ್ಲೇ ಇರಲಿ, ವ್ಯವಹಾರ ನಡೆಯದೆ ನಿಷ್ಕ್ರಿಯವಾಗಿದ್ದರೆ ಮೊದಲು ಅದನ್ನು ಜೀವಂತ ಮಾಡಿಸಿ.

ಮಾಲೀಕರು ಬರೆಯುವ ಆ ಒಂದು ಕಾರಣ

ತಿಂಗಳ ವಂತಿಕೆ ಸಲ್ಲಿಸುವಾಗ, ಕೆಲಸ ಬಿಟ್ಟವರ ಹೆಸರಿನ ಮುಂದೆ ಮಾಲೀಕರು ದಿನ ಸೊನ್ನೆ ಹಾಕಿ ಒಂದು ಕಾರಣ ಆರಿಸಬೇಕು. 'ಲೆಫ್ಟ್ ಸರ್ವೀಸ್', 'ರಿಟ್ರೆಂಚ್‌ಮೆಂಟ್' (ಕೆಲಸ ಕಡಿತ), 'ನೋ ವರ್ಕ್', 'ಆನ್ ಲೀವ್' ಎಂಬಂಥ ಆಯ್ಕೆಗಳಿರುತ್ತವೆ. ಅಕೌಂಟ್ಸ್ ಗುಮಾಸ್ತರು ಅವಸರದಲ್ಲಿ 'ಆನ್ ಲೀವ್' ಒತ್ತಿ ಮುಂದೆ ಹೋದರೆ ದಾಖಲೆಯ ಪ್ರಕಾರ ನೀವಿನ್ನೂ ನೌಕರಿಯಲ್ಲೇ ಇದ್ದೀರಿ. ಎರಡು ಕಡೆ ಕೆಲಸ ಮಾಡಿದವರು ಎರಡೂ ಕಡೆ ನಿರುದ್ಯೋಗಿ ಎಂದು ದಾಖಲಾಗಬೇಕು. ಒಂದು ಕಡೆ ಹೆಸರು ಉಳಿದರೂ ಅರ್ಜಿ ನಿಲ್ಲುತ್ತದೆ.

ಆದ್ದರಿಂದ ಕೆಲಸದಿಂದ ತೆಗೆದ ವಾರದಲ್ಲೇ ಹೆಚ್‌ಆರ್‌ಗೆ ಇಮೇಲ್ ಅಥವಾ ರಿಜಿಸ್ಟರ್ಡ್ ಪೋಸ್ಟ್ ಮೂಲಕ ಬರೆಯಿರಿ. ಇಷ್ಟು ಸಾಕು: 'ನನ್ನ ಐಪಿ ನಂಬರ್ ಇಂತಿಷ್ಟು. ನನ್ನ ಕಡೆಯ ಕೆಲಸದ ದಿನ ಇಂಥದ್ದು. ಕೆಲಸ ಕಡಿತದ ಕಾರಣ ನನ್ನನ್ನು ತೆಗೆಯಲಾಗಿದೆ. ಈ ತಿಂಗಳ ಇಎಸ್‌ಐ ವಂತಿಕೆ ವಿವರದಲ್ಲಿ ಈ ದಿನಾಂಕ ಮತ್ತು ಕಾರಣವನ್ನು ನಮೂದಿಸಿ.' ಪಿಎಫ್‌ನಲ್ಲಿ ಹಾಕುವ ಕಡೆಯ ದಿನಾಂಕವೂ ಇದೇ ಆಗಿರಲಿ.

ರಾಜೀನಾಮೆ ಪತ್ರದ ಬಗ್ಗೆ ಎಚ್ಚರ. ತಾನಾಗಿ ಕೆಲಸ ಬಿಟ್ಟವರು, ಸ್ವಯಂ ನಿವೃತ್ತಿ ತೆಗೆದುಕೊಂಡವರು, ನಿವೃತ್ತಿ ವಯಸ್ಸಾದವರು, ಶಿಸ್ತುಕ್ರಮದಲ್ಲಿ ವಜಾ ಆದವರಿಗೆ ಈ ಹಣ ಇಲ್ಲ. 'ರಾಜೀನಾಮೆ ಬರೆದುಕೊಟ್ಟರೆ ಸೆಟ್ಲ್‌ಮೆಂಟ್ ಬೇಗ ಆಗುತ್ತೆ' ಎಂದು ಹೇಳಿ ಸಹಿ ಹಾಕಿಸಿಕೊಳ್ಳುವುದು ಗೊತ್ತಿರುವ ಆಟ. ಸಹಿ ಹಾಕಿದ ಮೇಲೆ ನಿಮ್ಮನ್ನು ತೆಗೆದರು ಎಂದು ಸಾಬೀತು ಮಾಡುವ ಹೊರೆ ನಿಮ್ಮ ತಲೆಗೆ ಬರುತ್ತದೆ. ತೆಗೆದ ಪತ್ರವನ್ನೇ ಕೇಳಿ. ಕೊಡದಿದ್ದರೆ 'ನಾಳೆಯಿಂದ ಬರಬೇಡ' ಎಂದ ವಾಟ್ಸಾಪ್ ಸಂದೇಶವನ್ನಾದರೂ ಉಳಿಸಿಕೊಳ್ಳಿ.

ಕಾರ್ಖಾನೆಯೇ ಮುಚ್ಚಿದ್ದರೆ ಅಥವಾ ಕಾನೂನು ಪ್ರಕಾರ ರಿಟ್ರೆಂಚ್ ಮಾಡಿದ್ದರೆ, ಈ ಅರ್ಜಿ ಹಾಕುವ ಮೊದಲು 2005ರಿಂದ ಇರುವ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಗೆ ನೀವು ಅರ್ಹರೇ ಎಂದು ಬ್ರಾಂಚಿನಲ್ಲಿ ಕೇಳಿ. ಅದರಲ್ಲಿ 24 ತಿಂಗಳವರೆಗೆ ಭತ್ಯೆ ಇದೆ: ಮೊದಲ ವರ್ಷ ಶೇ 50, ಎರಡನೇ ವರ್ಷ ಶೇ 25. ಕೌಂಟರಿನಲ್ಲಿ ಅವರಾಗಿ ಹೇಳುತ್ತಾರೆಂದು ಕಾಯಬೇಡಿ.

ಅರ್ಜಿ ಮತ್ತು ಆಮೇಲಿನ ಬೆನ್ನಟ್ಟುವಿಕೆ

ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಿ ಆಧಾರ್ ಹಾಗೂ ಬ್ಯಾಂಕ್ ವಿವರದ ಸ್ಕ್ಯಾನ್ ಪ್ರತಿ ಹಾಕಿದರೆ ಕಾಗದದ ಅರ್ಜಿ ಬೇಕಿಲ್ಲ. ಸ್ಕ್ಯಾನ್ ಹಾಕದಿದ್ದವರು ಮಾತ್ರ ಪ್ರಿಂಟ್ ತೆಗೆದು ಸಹಿ ಮಾಡಿ ಬ್ರಾಂಚಿಗೆ ಕೊಡಬೇಕು. ಅಫಿಡವಿಟ್ ಬೇಕೆಂಬ ನಿಯಮವನ್ನು 2020ರಲ್ಲೇ ತೆಗೆದುಹಾಕಿದ್ದಾರೆ, ಛಾಪಾ ಕಾಗದ ಮಾಡಿಸಲು ದುಡ್ಡು ಕಳೆಯಬೇಡಿ. ಮಾಲೀಕರ ಮೂಲಕವೇ ಕಳಿಸಬೇಕೆಂಬ ಷರತ್ತೂ ಈಗಿಲ್ಲ. ಇನ್ನೂ ಬಾರದ ದಿನಗಳಿಗೆ ಮುಂಗಡವಾಗಿ ಕೇಳುವಂತಿಲ್ಲ, ಕಳೆದ ದಿನಗಳಿಗೆ ಮಾತ್ರ.

15 ದಿನದಲ್ಲಿ ಇತ್ಯರ್ಥ ಎಂಬುದು ಇಲಾಖೆಯೇ ಹೇಳಿದ ಗಡುವು. ಅದು ದಾಟಿದರೆ ಬ್ರಾಂಚಿಗೆ ಹೋಗಿ 'ಏನಾಯ್ತು ಸಾರ್' ಎಂದಷ್ಟೇ ಕೇಳಬೇಡಿ, ಅದಕ್ಕೆ 'ಪ್ರೊಸೆಸ್‌ನಲ್ಲಿದೆ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಅರ್ಜಿ ಈಗ ಯಾರ ಬಳಿ ಇದೆ, ಮಾಲೀಕರಿಗೆ ಪರಿಶೀಲನೆಗೆ ಕಳಿಸಿದ್ದಾರೆಯೇ, ಯಾವ ದಿನ ಕಳಿಸಿದರು ಎಂದು ಕೇಳಿ. ಮಾಲೀಕರು ಉತ್ತರಿಸದೆ ಕೂತಿದ್ದರೆ ನಿಮ್ಮ ಹಳೇ ಇಮೇಲ್, ತೆಗೆದ ಪತ್ರ ಕೊಟ್ಟು ದಾಖಲೆಗಳ ಆಧಾರದ ಮೇಲೆ ತೀರ್ಮಾನಿಸಲು ಬರೆದುಕೊಡಿ. ಕೊಟ್ಟ ಪ್ರತಿ ಕಾಗದಕ್ಕೂ ಸೀಲು, ದಿನಾಂಕ ಹಾಕಿಸಿಕೊಳ್ಳಿ.

ಅಲ್ಲಿಗೂ ಅಲುಗದಿದ್ದರೆ ಕೇಂದ್ರದ ಸಿಪಿಗ್ರಾಮ್ಸ್ ಪೋರ್ಟಲ್‌ನಲ್ಲಿ ಕಾರ್ಮಿಕ ಸಚಿವಾಲಯ, ಇಎಸ್‌ಐ ನಿಗಮ ಆರಿಸಿ ದೂರು ಹಾಕಿ. ಅರ್ಜಿಯ ಸಂಖ್ಯೆ, ದಿನಾಂಕ, ಬ್ರಾಂಚಿನ ಹೆಸರು, ಐಪಿ ನಂಬರ್ ಇಷ್ಟನ್ನೂ ಮೊದಲ ಎರಡು ಸಾಲಿನಲ್ಲೇ ಬರೆಯಿರಿ. ತಿರಸ್ಕಾರವಾಗಿದ್ದು ಕಾರಣ ಹೇಳದಿದ್ದರೆ 10 ರೂಪಾಯಿ ಶುಲ್ಕದ ಆರ್‌ಟಿಐ ಅರ್ಜಿಯಲ್ಲಿ ನಿಮ್ಮ ಅರ್ಜಿಯ ಮೇಲಿನ ಟಿಪ್ಪಣಿಗಳ ನಕಲು ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಕಾರಣ ಕೈಗೆ ಸಿಕ್ಕ ಮೇಲೆ ಅದೊಂದನ್ನೇ ಸರಿಪಡಿಸಿ ಮತ್ತೆ ಹಾಕಿ.

ನಡುವೆ ಹೊಸ ಕೆಲಸ ಸಿಕ್ಕರೆ ಆ ದಿನದಿಂದ ಪರಿಹಾರ ನಿಲ್ಲುತ್ತದೆ. ಸೇರಿದ ದಿನವನ್ನು ಮುಚ್ಚಿಟ್ಟು ಹಣ ತೆಗೆದುಕೊಳ್ಳಲು ಹೋಗಬೇಡಿ, ಹೊಸ ಕಂಪನಿಯ ಮೊದಲ ವಂತಿಕೆಯಲ್ಲೇ ಅದು ಕಾಣುತ್ತದೆ, ಸುಳ್ಳು ಹೇಳಿಕೆಗೆ ಶಿಕ್ಷೆಯೂ ಇದೆ. ಸೇರುವ ಫಾರಂನಲ್ಲಿ 'ಈ ಮೊದಲು ಇಎಸ್‌ಐ ಇತ್ತೇ' ಎಂಬ ಪ್ರಶ್ನೆಗೆ ಹೌದು ಎಂದು ಬರೆದು ಹಳೇ ಐಪಿ ನಂಬರನ್ನೇ ಕೊಡಿ.