ಬೂಷ್ಟು ತಿನ್ನುವ ಮೊದಲು ಕ್ಯಾಸೆಟ್ ಕಂಪ್ಯೂಟರಿಗೆ

ಕಕ್ಕಡ ತಿಂಗಳ ಮಳೆ ಹಿಡಿದರೆ ಕೊಡಗಿನ ಮನೆಗಳಲ್ಲಿ ಚಪ್ಪಲಿ, ಬೆಲ್ಟು, ಬೀರುವಿನಲ್ಲಿಟ್ಟ ಕೋಟು ಎಲ್ಲಕ್ಕೂ ಬೂಷ್ಟು ಬರುತ್ತದೆ. ಬಿಸಿಲು ಕಂಡ ದಿನ ಅವನ್ನೆಲ್ಲ ಅಂಗಳಕ್ಕೆ ತಂದು ಒರೆಸುತ್ತೇವೆ. ಅದೇ ಬೀರುವಿನ ಮೇಲಿನ ತಟ್ಟಿನಲ್ಲಿರುವ ಮದುವೆ ಕ್ಯಾಸೆಟ್ ಮಾತ್ರ ಯಾರ ನೆನಪಿಗೂ ಬರುವುದಿಲ್ಲ. ನಾಪೋಕ್ಲು ಹತ್ತಿರದ ನಮ್ಮ ದೊಡ್ಡಪ್ಪನ ಮನೆಯಲ್ಲಿ 1992ರ ಮದುವೆಯ ಕ್ಯಾಸೆಟ್ ಸಿಕ್ಕಾಗ, ಅದರ ಪುಟ್ಟ ಕಿಂಡಿಯಿಂದ ಇಣುಕಿದರೆ ಕಪ್ಪು ಸುರುಳಿಯ ಅಂಚಿನುದ್ದಕ್ಕೂ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ. ಅದು ಏನೆಂದು ತಿಳಿಯದೆ ಹಾಗೇ ಕ್ಯಾಸೆಟ್ ಓಡಿಸುವ ವಿಸಿಆರ್‌ಗೆ ಹಾಕಿದೆ. ಎರಡು ನಿಮಿಷ ಚಿತ್ರ ಬಂತು, ಆಮೇಲೆ ಬರೀ ಚುಕ್ಕಿ. ಬೂಷ್ಟು ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಂಡಿತ್ತು. ಅದರ ಬೆನ್ನಿಗೇ ಹಾಕಿದ ಒಳ್ಳೆಯ ಕ್ಯಾಸೆಟ್ಟಿಗೂ ಅದೇ ಕೊಳೆ ತಗುಲಿತು.

ಆಮೇಲೆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವ ಕೆಲಸವನ್ನು ಸರಿಯಾಗಿ ಕಲಿತೆ. ಈಗ ನೆಂಟರಿಷ್ಟರು ಬಂದು ಮೊದಲು ಕೇಳುವುದು, ‘ಯಾವ ಕಂಪ್ಯೂಟರ್ ತೆಗೆದುಕೊಳ್ಳಲಿ?’ ಎಂದೇ. ಕಂಪ್ಯೂಟರ್ ಕೊನೆಯ ಮಾತು. ದುಡ್ಡಿದ್ದರೆ ಮೊದಲು ಕ್ಯಾಸೆಟ್ ಓಡಿಸುವ ಯಂತ್ರಕ್ಕೆ ಹಾಕಿ. ಅಲ್ಲಿ ಕಳೆದುಹೋದ ಚಿತ್ರವನ್ನು ಎಷ್ಟು ದೊಡ್ಡ ಕಂಪ್ಯೂಟರೂ ಹುಡುಕಿ ಕೊಡದು.

ಕ್ಯಾಸೆಟ್ ಯಾವುದೆಂದು ನೋಡಿ

ದಪ್ಪನೆಯ ಸಣ್ಣ ಪುಸ್ತಕದಷ್ಟಿರುವುದು ವಿಎಚ್‌ಎಸ್. ಆಡಿಯೊ ಕ್ಯಾಸೆಟ್ಟಿನ ಅಳತೆಯದು ವಿಡಿಯೊ8, ಹೈ8 ಅಥವಾ ಡಿಜಿಟಲ್8. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು ಮಿನಿಡಿವಿ. ಒಂದೊಂದಕ್ಕೂ ಬೇರೆ ಬೇರೆ ಸಲಕರಣೆ ಬೇಕಾಗುವುದರಿಂದ, ಏನನ್ನಾದರೂ ಕೊಳ್ಳುವ ಮೊದಲು ಮನೆಯಲ್ಲಿರುವುದನ್ನೆಲ್ಲ ಮೇಜಿನ ಮೇಲೆ ಹರಡಿ ಗುಂಪು ಮಾಡಿ. ನಮ್ಮಲ್ಲಿ ಮದುವೆ ಕ್ಯಾಸೆಟ್ ಹೆಣ್ಣಿನ ಕಡೆಗೊಂದು, ಗಂಡಿನ ಕಡೆಗೊಂದು ಇರುವುದುಂಟು. ಎರಡನ್ನೂ ತರಿಸಿಕೊಂಡು, ಕಡಿಮೆ ಓಡಿದ್ದು ಯಾವುದೋ ಅದನ್ನು ಆರಿಸಿ. ಅಮೆರಿಕದ ನೆಂಟರು ಕಳಿಸಿದ್ದಾದರೆ ಅಲ್ಲಿನ ಟಿವಿಯ ಎನ್‌ಟಿಎಸ್‌ಸಿ ಪದ್ಧತಿಯದ್ದಿರಬಹುದು. ನಮ್ಮದು ಪಾಲ್: 625 ಗೆರೆ, ಸೆಕೆಂಡಿಗೆ 25 ಫ್ರೇಮ್, ಅಂದರೆ ಬಿಡಿಚಿತ್ರ. ಎರಡನ್ನೂ ಓಡಿಸಬಲ್ಲ ವಿಸಿಆರ್ ಸಿಕ್ಕಿದರೆ ಬಿಡಬೇಡಿ.

ಬಿಳಿ ಪುಡಿ ಕಂಡ ಕ್ಯಾಸೆಟ್ಟನ್ನು ಬೇರೆ ಡಬ್ಬಿಗೆ ಹಾಕಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮುಚ್ಚಿ. ಒಣಗಿದ ಮೇಲೂ ಅದನ್ನು ಒಳ್ಳೆಯ ಯಂತ್ರಕ್ಕೆ ಹಾಕಬೇಡಿ. ಅದನ್ನು ಶುಚಿ ಮಾಡಲು ಕೈಪಳಗಿದವರೇ ಬೇಕು. ಇನ್ನೊಂದು ಮಾತು: ವಿಎಚ್‌ಎಸ್‌ನ ಬೆನ್ನಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಚೂರು ಇನ್ನೂ ಇದ್ದರೆ ಮುರಿದು ತೆಗೆಯಿರಿ. ಆಗ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯದು ಅಳಿಯುವುದಿಲ್ಲ.

ವಿಸಿಆರ್‌ಗೆ ಹುಡುಕಾಟ

ಹೊಸ ವಿಸಿಆರ್ ಸಿಗುವುದಿಲ್ಲ. ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈಗೆ ನಿಲ್ಲಿಸಿತು. ಹಾಗಾಗಿ ಹಳೆಯದನ್ನೇ ಹುಡುಕಬೇಕು. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದಲ್ಲಿ ಹಿಂದೆ ಟಿವಿ ರಿಪೇರಿ ಮಾಡುತ್ತಿದ್ದವರನ್ನು ಒಮ್ಮೆ ವಿಚಾರಿಸಿ. ಅಟ್ಟದ ಮೇಲೆ ಒಂದೆರಡು ಇದ್ದರೂ ಇರಬಹುದು. ಕೊಳ್ಳುವ ಮೊದಲು ಹೋದರೂ ಪರವಾಗಿಲ್ಲ ಎನ್ನುವ ಸಿನಿಮಾ ಕ್ಯಾಸೆಟ್ ಹಾಕಿ ಮುಂದೆ, ಹಿಂದೆ ಓಡಿಸಿ ನೋಡಿ. ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿದ್ದರೆ ಯಂತ್ರ ಟೇಪನ್ನು ನುಂಗುತ್ತದೆ, ಅಜ್ಜಿಯ ಮುಖ ಇರುವ ಟೇಪನ್ನು ಅಂಥದ್ದರ ಬಾಯಿಗೆ ಕೊಡಬೇಡಿ.

ಆಯ್ಕೆ ಇದ್ದರೆ ವಿಎಚ್‌ಎಸ್‌ನ ಸುಧಾರಿತ ರೂಪವಾದ ಎಸ್-ವಿಎಚ್‌ಎಸ್ ಯಂತ್ರ ತೆಗೆದುಕೊಳ್ಳಿ. ಅದರಲ್ಲಿ ಎಸ್-ವಿಡಿಯೊ ಕಿಂಡಿ ಇರುತ್ತದೆ. ಸಾಮಾನ್ಯ ವಿಸಿಆರ್‌ನ ಹಳದಿ ಪಿನ್ನಿನಲ್ಲಿ ಬಣ್ಣ ಮತ್ತು ಬೆಳಕಿನ ಸಂಕೇತಗಳು ಬೆರೆತು ಬರುತ್ತವೆ, ಎಸ್-ವಿಡಿಯೊದಲ್ಲಿ ಬೇರೆಬೇರೆಯಾಗಿ. ಅದಕ್ಕಿಂತ ಮುಖ್ಯವಾದದ್ದು ಟಿಬಿಸಿ, ಅಂದರೆ ಟೈಮ್ ಬೇಸ್ ಕರೆಕ್ಟರ್. ಹಳೆಯ ಟೇಪು ಹಿಗ್ಗಿ ಕುಗ್ಗಿರುತ್ತದೆ, ಚಿತ್ರದ ಗೆರೆಗಳು ತಮ್ಮ ಸಮಯಕ್ಕೆ ಬರುವುದಿಲ್ಲ. ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ನೆಟ್ಟನೆಯ ಕಂಬ ನೀರಿನಲ್ಲಿ ಕಂಡ ಹಾಗೆ ಬಳುಕುತ್ತದೆ. ಟಿಬಿಸಿ ಆ ಗೆರೆಗಳನ್ನು ಸಾಲಾಗಿ ನಿಲ್ಲಿಸುತ್ತದೆ. ಅದಿರುವ ವಿಸಿಆರ್ ಸಿಗದಿದ್ದರೆ ಪ್ಯಾನಸಾನಿಕ್ ಡಿಎಂಆರ್-ಇಎಸ್10 ಅಥವಾ ಇಎಸ್15 ಡಿವಿಡಿ ರೆಕಾರ್ಡರ್ ನಡುವೆ ಜೋಡಿಸಬಹುದು. ಅದರಲ್ಲಿ ಡಿವಿಡಿ ಮಾಡಬೇಕಿಲ್ಲ, ಸಂಕೇತ ಅದರೊಳಗೆ ಹಾದುಬಂದರೆ ಸಾಕು, ಬಳುಕು ಬಹಳಷ್ಟು ನಿಲ್ಲುತ್ತದೆ.

ಕ್ಯಾಪ್ಚರ್ ಸಾಧನ

ವಿಸಿಆರ್‌ನಿಂದ ಬರುವ ಚಿತ್ರವನ್ನು ಕಂಪ್ಯೂಟರಿನ ಫೈಲಾಗಿಸುವ ಬೆರಳುದ್ದದ ಅಗ್ಗದ ಯುಎಸ್‌ಬಿ ಕಡ್ಡಿಗಳು ಆನ್‌ಲೈನಿನಲ್ಲಿ ರಾಶಿ ಬಿದ್ದಿವೆ. ಹೊರಗೆ ಒಂದೇ ರೂಪ, ಒಳಗಿನ ಚಿಪ್ ಬೇರೆ ಬೇರೆ. ಕೆಲವಕ್ಕೆ ಈಗಿನ ವಿಂಡೋಸ್‌ಗೆ ಡ್ರೈವರ್ ಸಿಗದು, ಕೆಲವು ಫ್ರೇಮುಗಳನ್ನು ಬೀಳಿಸುತ್ತ ಹೋಗುತ್ತವೆ. ಫ್ರೇಮ್ ಬಿದ್ದಷ್ಟೂ ಚಿತ್ರ ಮತ್ತು ಧ್ವನಿ ದೂರವಾಗುತ್ತವೆ. ವಾಲಗದವರ ಕೈ ಒಂದು ಕಡೆ, ಡೋಲಿನ ಸದ್ದು ಇನ್ನೊಂದು ಕಡೆ. ಹೌಪಾಜ್ ಯುಎಸ್‌ಬಿ-ಲೈವ್2, ಐ-ಓ ಡೇಟಾದ ಜಿವಿ-ಯುಎಸ್‌ಬಿ2 ಇವೆರಡೂ ಈ ಕೆಲಸದಲ್ಲಿ ಹೆಸರು ಪಡೆದವು. ‘ಎವಿ ಟು ಎಚ್‌ಡಿಎಂಐ’ ಎಂದು ಮಾರುವ ಪುಟ್ಟ ಡಬ್ಬಿಯ ದಾರಿ ಹಿಡಿಯಬೇಡಿ. ಅದು ಚಿತ್ರವನ್ನು ತನಗೆ ಬೇಕಾದ ಹಾಗೆ ಹಿಗ್ಗಿಸಿ ಕೆಡಿಸಿಯೇ ಕಂಪ್ಯೂಟರಿಗೆ ಕೊಡುತ್ತದೆ.

ಮಿನಿಡಿವಿ, ಡಿಜಿಟಲ್8 ಇದ್ದವರಿಗೆ ಈ ತಲೆನೋವಿಲ್ಲ. ಅವು ಹುಟ್ಟಿನಿಂದಲೇ ಡಿಜಿಟಲ್. ಕ್ಯಾಮೆರಾದಿಂದ ಫೈರ್‌ವೈರ್ ಕೇಬಲ್‌ನಲ್ಲಿ ಇದ್ದದ್ದು ಇದ್ದ ಹಾಗೇ ಕಂಪ್ಯೂಟರಿಗೆ ಬರುತ್ತದೆ. ಗಂಟೆಗೆ ಸುಮಾರು 13 ಜಿಬಿ. ಫೈರ್‌ವೈರ್ ಕಿಂಡಿ ಇರುವ ಹಳೆಯ ಲ್ಯಾಪ್‌ಟಾಪ್ ಇದ್ದರೆ ಗುಜರಿಗೆ ಹಾಕಬೇಡಿ. ಡೆಸ್ಕ್‌ಟಾಪ್ ಆದರೆ ಫೈರ್‌ವೈರ್ ಕಾರ್ಡ್ ಸೇರಿಸಿಕೊಳ್ಳಬಹುದು.

ಇನ್ನು ಕಂಪ್ಯೂಟರ್

ನಾಲ್ಕು ಕೋರ್‌ಗಳ ಪ್ರೊಸೆಸರ್, 8 ಜಿಬಿ ರ‍್ಯಾಮ್ ಇರುವ ಸಾಧಾರಣ ವಿಂಡೋಸ್ ಕಂಪ್ಯೂಟರ್ ಸಾಕು. ಗೇಮ್ ಆಡುವವರ ದುಬಾರಿ ಗ್ರಾಫಿಕ್ಸ್ ಕಾರ್ಡ್ ಇಲ್ಲಿ ದಂಡ. ಬೇಕಾದದ್ದು ಜಾಗ. ಗುಣಮಟ್ಟ ಕಳೆಯದೆ 720×576 ಪಿಕ್ಸೆಲ್‌ನಲ್ಲಿ ತೆಗೆದರೆ ಗಂಟೆಗೆ ಸುಮಾರು 30 ಜಿಬಿ ಹಿಡಿಯುತ್ತದೆ. ಮೂರು ಗಂಟೆಯ ಕ್ಯಾಸೆಟ್ಟಿಗೆ ನೂರು ಜಿಬಿ ಲೆಕ್ಕ ಹಾಕಿ. ಕ್ಯಾಪ್ಚರ್‌ಗೆ ಖಾಲಿ ಎಸ್‌ಎಸ್‌ಡಿ ಒಂದು, ಮುಗಿದದ್ದನ್ನು ಇಡಲು 2 ಟಿಬಿ ಹಾರ್ಡ್ ಡಿಸ್ಕ್ ಎರಡು. ಡಿಸ್ಕನ್ನು ಎಫ್‌ಎಟಿ32ರಲ್ಲಿ ಫಾರ್ಮ್ಯಾಟ್ ಮಾಡಿದ್ದರೆ 4 ಜಿಬಿಗೆ ಫೈಲ್ ನಿಂತುಹೋಗುತ್ತದೆ, ಎನ್‌ಟಿಎಫ್‌ಎಸ್‌ಗೆ ಬದಲಾಯಿಸಿ. ಕ್ಯಾಪ್ಚರ್ ಕಡ್ಡಿಯನ್ನು ಯುಎಸ್‌ಬಿ ಹಬ್ಬಿಗೆ ಸಿಕ್ಕಿಸದೆ ನೇರ ಕಂಪ್ಯೂಟರಿಗೇ ಹಾಕಿ.

ನಮ್ಮ ಕಡೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ಗಾಳಿಗೆ ಒಂದು ಸಿಲ್ವರ್ ಓಕ್ ಮರದ ಕೊಂಬೆ ತಂತಿಗೆ ಬಿದ್ದರೆ ಎರಡು ಗಂಟೆಯ ಕೆಲಸ ಹೋಯಿತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ ಸರಿ, ವಿಸಿಆರ್‌ಗೆ ಇಲ್ಲವಲ್ಲ. ಟೇಪು ಹೆಡ್ಡಿಗೆ ಸುತ್ತಿಕೊಂಡಿರುವಾಗ ಕರೆಂಟ್ ಹೋಗಿ ಬಂದು ಮಾಡುವುದು ಟೇಪಿಗೇ ಅಪಾಯ. ಸಾಧ್ಯವಾದರೆ ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳಲ್ಲಿ ಮಾಡಿ.

ಓಡಿಸುವ ದಿನ

ಕ್ಯಾಸೆಟ್ಟನ್ನು ಹಿಂದಿನ ದಿನವೇ ಅದೇ ಕೋಣೆಗೆ ತಂದಿಡಿ. ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿ. ಸಾಫ್ಟ್‌ವೇರ್‌ಗೆ ದುಡ್ಡು ಬೇಡ, ವರ್ಚುವಲ್‌ಡಬ್, ಒಬಿಎಸ್ ಎರಡೂ ಉಚಿತ. ಅಪ್ಪಟ ಮೂಲಪ್ರತಿ ಬೇಕಾದವರಿಗೆ ವರ್ಚುವಲ್‌ಡಬ್. ಸುಲಭ ದಾರಿ ಬೇಕಾದವರಿಗೆ ಒಬಿಎಸ್. ಒಬಿಎಸ್‌ನಲ್ಲಿ ಫೈಲಿಗೆ ಎಂಕೆವಿ ರೂಪ ಆರಿಸಿ, ಮಧ್ಯೆ ನಿಂತುಹೋದರೂ ಅಲ್ಲಿಯವರೆಗಿನದು ಉಳಿಯುತ್ತದೆ. ಧ್ವನಿಗೆ 48 ಕಿಲೊಹರ್ಟ್ಜ್.

ಒಂದು ಸೆಟ್ಟಿಂಗ್ ಮಾತ್ರ ಮರೆಯಬೇಡಿ. ಹಳೆಯ ವಿಡಿಯೊದ ಪ್ರತಿ ಫ್ರೇಮೂ ಎರಡು ಅರ್ಧಗಳು ಹೆಣೆದದ್ದು. ಹಾಗಾಗಿ ಸೆಕೆಂಡಿಗೆ ನಿಜವಾಗಿ 50 ಚಲನೆಗಳು ಅದರಲ್ಲಿವೆ. ಹೆಣಿಗೆ ಬಿಡಿಸದೆ ಕಂಪ್ಯೂಟರಿನಲ್ಲಿ ನೋಡಿದರೆ, ದೊಡ್ಡಪ್ಪ ಮದುವೆಯಲ್ಲಿ ನಮ್ಮ ಪದ್ಧತಿಯಂತೆ ಬಾಳೆ ಕಡಿಯುವ ಹೊತ್ತಿಗೆ ಬೀಸಿದ ಕತ್ತಿ ಬಾಚಣಿಗೆಯ ಹಲ್ಲಿನಂತೆ ಸೀಳಿ ಕಾಣುತ್ತದೆ. ಒಬಿಎಸ್‌ನಲ್ಲಿ ಈ ಹೆಣಿಗೆ ಬಿಡಿಸುವ ಡಿಇಂಟರ್‌ಲೇಸಿಂಗ್‌ನಲ್ಲಿ ‘ಯಾಡಿಫ್ 2ಎಕ್ಸ್’ ಆರಿಸಿ ಫ್ರೇಮ್ ದರವನ್ನು 50ಕ್ಕೆ ಇಡಿ. ಹೀಗೆ ಮಾಡಿದ ಮೇಲೆ ಆ ಕತ್ತಿ ಒಂದೇ ಏಟಿಗೆ ಬಾಳೆದಿಂಡನ್ನು ದಾಟಿಹೋಗುವುದು ಸ್ಪಷ್ಟವಾಗಿ ಕಂಡಿತು. ಈ ಮೊದಲು ಒಂದು ಅಂಗಡಿಯಲ್ಲಿ ಇದೇ ಮದುವೆಯನ್ನು ಇನ್ನೊಂದು ಪ್ರತಿಯಿಂದ ಡಿವಿಡಿ ಮಾಡಿಸಿದ್ದೆವು, ಅದರಲ್ಲಿ ಕತ್ತಿಯೇ ಕಾಣುತ್ತಿರಲಿಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಗಳ ಟೇಪು ಇದ್ದವರಿಗೂ ಇದೇ ಮಾತು. ಚೆಂಡು ಕಾಣಬೇಕಾದರೆ 50 ಬೇಕು.

ಮುಗಿದ ಫೈಲಿಗೆ ವರ್ಷ, ಮನೆಹೆಸರು, ಊರು ಸೇರಿಸಿ ಹೆಸರಿಡಿ. ಒಂದು ಡಿಸ್ಕ್ ಮನೆಯಲ್ಲಿ, ಇನ್ನೊಂದು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ ಮಕ್ಕಳ ಬಳಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಪ್ರತಿಯ ಲೆಕ್ಕಕ್ಕೆ ಬರುವುದಿಲ್ಲ, ಅದು ಚಿತ್ರವನ್ನು ಹಿಂಡಿಬಿಡುತ್ತದೆ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾರು ಯಾರೆಂದು ಅವರು ಹೇಳುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅದೇ ಫೋಲ್ಡರಿಗೆ ಹಾಕಿ. ನಮ್ಮ ಕ್ಯಾಸೆಟ್ಟಿನಲ್ಲಿ ವಾಲಗಕ್ಕೆ ಕುಣಿಯುತ್ತಿದ್ದ ಹದಿನೇಳು ಜನರಲ್ಲಿ ಆರು ಮಂದಿಯ ಹೆಸರು ದೊಡ್ಡಮ್ಮನಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಕ್ಯಾಸೆಟ್ಟನ್ನೂ ಎಸೆಯಬೇಡಿ. ಪೂರ್ತಿ ಹಿಂದಕ್ಕೆ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ಪುಸ್ತಕದ ಹಾಗೆ ನಿಲ್ಲಿಸಿಡಿ. ಮಳೆಗಾಲ ಮುಗಿದೊಡನೆ ಆ ಪೊಟ್ಟಣವನ್ನು ಬದಲಾಯಿಸಿ.