ಉಗುರಲ್ಲಿ ಗುಳಿ ಬಿದ್ದರೆ ಬೆರಳಿನ ಗೆಣ್ಣನ್ನೂ ನೋಡಿಕೊಳ್ಳಿ

ಚರ್ಮ ಕೆಂಪಾಗಿ ಹೊಟ್ಟೇಳುವ ಸೋರಿಯಾಸಿಸ್ ಇದೆಯಾ? ಹಾಗಾದರೆ ಉಗುರುಬಣ್ಣ ಅಳಿಸಿ, ಬೆಳಕಿಗೆ ಬಂದು, ಹತ್ತೂ ಬೆರಳು ಚಾಚಿ ನೋಡಿ. ಹೊಲಿಗೆಯವರು ಬೆರಳಿಗೆ ಹಾಕುವ ಅಂಗುಸ್ತಾನದ ಮೇಲೆ ಇರುತ್ತವಲ್ಲ, ಅಂಥ ಪುಟ್ಟ ಗುಳಿಗಳಿವೆಯಾ? ಉಗುರಿನ ಅಡಿ ಎಣ್ಣೆ ಹನಿ ಬಿದ್ದಂಥ ಕಲೆ? ತುದಿ ಮೇಲೆದ್ದು, ಕೆಳಗೆ ಹೊಟ್ಟಿನಂಥದ್ದು ತುಂಬಿಕೊಂಡಿದೆಯಾ? ಫೋಟೋ ತೆಗೆದಿಡಿ.

ನಮ್ಮ ಮಂಡ್ಯದ ಕಡೆ ಕೈ ಯಾವಾಗಲೂ ಗದ್ದೆ ಕೆಸರಲ್ಲೇ ಇರುತ್ತದೆ, ಹಾಗಾಗಿ ಉಗುರು ಕೆಟ್ಟರೆ ಎಲ್ಲರೂ ಫಂಗಸ್ ಅಂದುಬಿಡುತ್ತಾರೆ. ನನಗೂ ಒಂದು ಕಡೆ ಪರೀಕ್ಷೆ ಮಾಡದೆ ತಿಂಗಳುಗಟ್ಟಲೆ ಫಂಗಸ್ ಮಾತ್ರೆ ಕೊಟ್ಟರು. ಗುಣ ಕಾಣಲಿಲ್ಲ. ಉಗುರಿನ ಪುಡಿ ಕೆರೆದು, ಫಂಗಸ್ ಇದೆಯಾ ಅಂತ ನೋಡುವ ಕೆಓಎಚ್ ಪರೀಕ್ಷೆ ಮಾಡುತ್ತೀರಾ ಅಂತ ನೀವೇ ಕೇಳಿ. ಫಂಗಸ್, ಸೋರಿಯಾಸಿಸ್ ಎರಡೂ ಒಟ್ಟಿಗೆ ಇರಲೂಬಹುದು.

ಈಗ ಮೂಳೆಯ ವಿಷಯ, ಅಂದರೆ ಸೋರಿಯಾಸಿಸ್ ಜೊತೆ ಬರುವ ಕೀಲುವಾತ. ಉಗುರು ಸುಮ್ನೆ ಮೇಲೆ ಅಂಟಿಸಿದ ಚಿಪ್ಪಲ್ಲ. ಬೆರಳನ್ನು ನೆಟ್ಟಗೆ ಮಾಡುವ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಕೊನೆಯ ಮೂಳೆಗೆ ಕಚ್ಚಿಕೊಂಡಿರುತ್ತದೆ, ಅದರ ಎಳೆಗಳು ಅಲ್ಲಿಂದ ಉಗುರಿನ ಬುಡದವರೆಗೂ ಹೋಗುತ್ತವೆ, ಆದ್ದರಿಂದಲೇ ಅಲ್ಲಿ ಉರಿಯೂತ ಹತ್ತಿದರೆ ಉಗುರು, ಕೀಲು, ಮೂಳೆ ಮೂರಕ್ಕೂ ತಟ್ಟಬಹುದು. ಉಗುರು ಕೆಟ್ಟವರಿಗೆಲ್ಲ ಹೀಗಾಗುವುದಿಲ್ಲ. ಆದರೆ ಆದವರು ಹಾಗೇ ಬಿಟ್ಟರೆ ಮೂಳೆಯ ಅಂಚು ಸವೆಯುತ್ತದೆ, ಪಕ್ಕದಲ್ಲೇ ಹೊಸ ಮೂಳೆ ಅಡ್ಡಾದಿಡ್ಡಿ ಬೆಳೆಯುತ್ತದೆ. ತೀರಾ ಜಾಸ್ತಿಯಾದರೆ ಎಕ್ಸ್‌ರೇಯಲ್ಲಿ ಒಂದು ಮೂಳೆ ಪೆನ್ಸಿಲ್ ಮೊನೆಯ ಹಾಗೆ, ಎದುರಿನದು ಬಟ್ಟಲಿನ ಹಾಗೆ ಕಾಣುತ್ತದೆ. ಅಷ್ಟು ಸವೆದದ್ದು ಮತ್ತೆ ಮೊದಲಿನಂತಾಗುವುದಿಲ್ಲ.

ಬೆಳಿಗ್ಗೆ ಎದ್ದು ಅರ್ಧ ಗಂಟೆ ಕಳೆದರೂ ಬೆರಳು ಬಿಗಿಯಾಗಿದ್ದರೆ, ಹೂ ಕಟ್ಟಲು ಬಗ್ಗದಿದ್ದರೆ, ಉಗುರಿನ ಪಕ್ಕದ ಗೆಣ್ಣು ಕಬ್ಬಿನ ಗೆಣ್ಣಿನಂತೆ ಊದಿದ್ದರೆ ಅಥವಾ ಇಡೀ ಬೆರಳೇ ದಪ್ಪಗಾದರೆ ತಡ ಮಾಡಬೇಡಿ. ಮಂಡ್ಯದ ಮಿಮ್ಸ್‌ನಲ್ಲೋ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಚರ್ಮದ ವಿಭಾಗಕ್ಕೆ ಹೋಗಿ, ಕೀಲು ನೋವನ್ನೂ ಬಾಯಿಬಿಟ್ಟು ಹೇಳಿ. ಚರ್ಮದ ಡಾಕ್ಟರಿಗೆ ಗೆಣ್ಣಿನ ನೋವು ಯಾಕೆ ಹೇಳಬೇಕು ಅಂತ ಸುಮ್ಮನಿದ್ದುಬಿಡುತ್ತೇವೆ, ಅಲ್ವಾ? ರಕ್ತದಲ್ಲಿ ಕೀಲುವಾತಕ್ಕೆಂದು ನೋಡುವ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂತು ಅಂತ ನಿರಾಳವಾಗಬೇಡಿ, ಈ ಕೀಲುವಾತದಲ್ಲಿ ಅದು ಸಾಮಾನ್ಯವಾಗಿ ನೆಗೆಟಿವ್ವೇ.

ಇದಕ್ಕೆ ಮೆಥೋಟ್ರೆಕ್ಸೇಟ್ ಅನ್ನುವ ಔಷಧ ಬರೆದುಕೊಟ್ಟರೆ ಅದು ವಾರಕ್ಕೆ ಒಂದೇ ದಿನ. ದಿನಾ ತಿಂದರೆ ಪ್ರಾಣಕ್ಕೇ ಅಪಾಯ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಉಗುರು ಗಿಡ್ಡಗೆ ಕತ್ತರಿಸಿ. ಅಡಿಯ ಹೊಟ್ಟನ್ನು ಪಿನ್ನಿನಿಂದ ಕೆದಕಬೇಡಿ, ಪೆಟ್ಟಾದ ಕಡೆ ಸೋರಿಯಾಸಿಸ್ ಇನ್ನೂ ಕೆರಳುತ್ತದೆ. ಪಾತ್ರೆಗೆ, ಕಳೆ ಕೀಳಲು ಗ್ಲೌಸ್ ಹಾಕಿ. ಇದು ಅಂಟುರೋಗವಲ್ಲ, ಮುದ್ದೆ ಕಟ್ಟಿ ಬಡಿಸಲು ಹಿಂಜರಿಯಬೇಡಿ.

ಕೈಯುಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿಲಿಮೀಟರ್. ಪೂರ್ತಿ ಹೊಸದಾಗಲು 6 ತಿಂಗಳಾದರೂ ಬೇಕು. ತಿಂಗಳಿಗೊಂದು ಫೋಟೋ ತೆಗೆದು, ಬುಡದಿಂದ ನುಣುಪಾದ ಉಗುರು ಬರುತ್ತಿದೆಯಾ ಅಂತ ಹೋಲಿಸಿ ನೋಡಿ, ಡಾಕ್ಟರಿಗೂ ತೋರಿಸಿ.